ಬೋರ್ಡ್ ಓದುವವನು ರಿಕ್ಷಾದಲ್ಲಿದ್ದಾನೆ

ಊರಲ್ಲಿ ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಲೇಬೇಕು ಅಂತ ಸ್ಟೇಟಸ್ ಹಾಕುವ ನಮ್ಮವರೇ, ಮುಂಬೈಯಲ್ಲಿ ಮರಾಠಿ ಬೋರ್ಡಿನ ಮಾತು ಬಂದರೆ ಮುಖ ಗಂಟು ಹಾಕುತ್ತಾರೆ. ಇಲ್ಲಿ ನಮ್ಮವರ ಹೋಟೆಲು, ಟೈಲರ್, ಜೆರಾಕ್ಸ್ ಅಂಗಡಿಗಳಿಗೆ ಬೋರ್ಡ್ ಮಾಡಿಕೊಡುವುದು ನನ್ನ ಹೊಟ್ಟೆಪಾಡು, ಹಾಗಾಗಿ ಈ ಗೊಣಗಾಟ ನನಗೆ ನಿತ್ಯದ್ದು. ನಾನು ಹೇಳುವುದಿಷ್ಟೇ: ಮರಾಠಿ ಬೋರ್ಡಿನ ಕಾನೂನು ನಮ್ಮ ಬೋರ್ಡುಗಳನ್ನು ಕೆಡಿಸಲಿಲ್ಲ. ಮೊದಲೇ ಕೆಟ್ಟಿದ್ದವು. ಸರಿಮಾಡಲು ಒಂದು ಅವಕಾಶ ಸಿಕ್ಕಿತ್ತು, ಅದನ್ನೂ ನಾವು ಸ್ಟಿಕರ್ ಅಂಟಿಸಿ ಮುಗಿಸಿದೆವು.

ಮಹಾರಾಷ್ಟ್ರದ ಅಂಗಡಿ ಕಾನೂನಿಗೆ 2022ರಲ್ಲಿ ತಿದ್ದುಪಡಿ ಬಂದಮೇಲೆ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಅಂಗಡಿಗೂ ಈ ನಿಯಮ ಇದೆ. ಮರಾಠಿ ದೇವನಾಗರಿಯಲ್ಲಿರಬೇಕು, ಮೊದಲು ಬರಬೇಕು, ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು. ವ್ಯಾಪಾರಿಗಳು ಸುಪ್ರೀಂ ಕೋರ್ಟಿಗೆ ಹೋದರು. 2023ರ ಸೆಪ್ಟೆಂಬರಿನಲ್ಲಿ ಕೋರ್ಟು ಎರಡು ತಿಂಗಳ ಗಡುವು ಕೊಟ್ಟಿತು, ಕೇಸಿಗೆ ಸುರಿಯುವ ದುಡ್ಡನ್ನು ಬೋರ್ಡಿಗೆ ಹಾಕಿ ಎಂಬರ್ಥದ ಮಾತನ್ನೂ ಹೇಳಿತು. ಆ ಪೀಠದಲ್ಲಿದ್ದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಗಡುವು ಮುಗಿಯುವ ಹೊತ್ತಿಗೆ ದಂಡದ ಹೆದರಿಕೆ ಶುರು, ಒಬ್ಬೊಬ್ಬ ಕೆಲಸಗಾರನ ಲೆಕ್ಕದಲ್ಲಿ 2,000 ರೂಪಾಯಿವರೆಗೆ ಅಂತ. ಎಲ್ಲರಿಗೂ ನಾಳೆಯೇ ಬೇಕು. ಹಳೇ ಬೋರ್ಡಿನ ಇಂಗ್ಲಿಷ್ ಹೆಸರಿನ ಮೇಲ್ಗಡೆ ಒಂದು ಪಟ್ಟಿ ವಿನೈಲ್ ಸ್ಟಿಕರ್, ಅದರಲ್ಲಿ ಹಿಂಡಿ ಕೂರಿಸಿದ ಮರಾಠಿ. ದೂರದಿಂದ ನೋಡಿದರೆ ಎರಡೂ ಓದಲಾಗುವುದಿಲ್ಲ.

ಯಾಕೆ ಓದಲಾಗುವುದಿಲ್ಲ ಅನ್ನುವುದಕ್ಕೆ ಲೆಕ್ಕ ಇದೆ. ಹತ್ತು ಅಡಿ ದೂರಕ್ಕೆ ಅಕ್ಷರದ ಎತ್ತರ ಒಂದು ಇಂಚು, ಇದು ನಮ್ಮ ಕಸುಬಿನ ಹಳೇ ಅಳತೆ. ಭಾಂಡುಪಿನ ಎಲ್‌ಬಿಎಸ್ ರೋಡಿನಲ್ಲಿ ರಿಕ್ಷಾ ಗಂಟೆಗೆ 30 ಕಿಲೋಮೀಟರ್ ಓಡಿದರೂ ಸೆಕೆಂಡಿಗೆ 27 ಅಡಿ ಸಾಗುತ್ತದೆ. ಒಳಗಿದ್ದವನು ಹೆಸರು ಓದಿ "ಇಲ್ಲೇ ನಿಲ್ಲಿಸು" ಅನ್ನಲು ಮೂರು ಸೆಕೆಂಡಾದರೂ ಬೇಡವೇ? ಅಂದರೆ 80 ಅಡಿ ದೂರದಿಂದಲೇ ಕಾಣಬೇಕು, ಎಂಟು ಇಂಚಿನ ಅಕ್ಷರ ಬೇಕು. ಅದೂ ಅಕ್ಷರದ ಮೇಲೆ ಕೆಳಗೆ ಬರುವ ಸ್ವರಚಿಹ್ನೆಗಳನ್ನು ಬಿಟ್ಟು. "ಶ್ರೀಕೃಷ್ಣ" ಅಂತ ದೇವನಾಗರಿಯಲ್ಲಿ ಬರೆದು ನೋಡಿ, ಮೇಲೆ ದೀರ್ಘ, ಕೆಳಗೆ ಋಕಾರ, ಎಲ್ಲ ಸೇರಿ ಒಂದಡಿ ಹತ್ತಿರ ಹೋಗುತ್ತದೆ. ಕಂಪ್ಯೂಟರಿನಲ್ಲಿ ಎರಡೂ ಲಿಪಿಗೆ ಒಂದೇ ಸೈಜ್ ಕೊಡುವ ಹುಡುಗರಿಗೆ ಇದು ತಲೆಗೇ ಹೋಗುವುದಿಲ್ಲ. ಮೂರಡಿ ಎತ್ತರದ ಬೋರ್ಡಿನಲ್ಲಿ ಮರಾಠಿ ಒಂದು ಸಾಲು, ಇಂಗ್ಲಿಷ್ ಒಂದು ಸಾಲು, ಸುತ್ತ ಸ್ವಲ್ಪ ಖಾಲಿ ಜಾಗ. ಮುಗಿಯಿತು.

ಆ ಖಾಲಿ ಜಾಗದ ಮೇಲೆಯೇ ಜಗಳ. "ಅಷ್ಟು ಜಾಗ ಸುಮ್ಮನೆ ಉಂಟಲ್ಲ ಮಾರಾಯ್ರೆ, ಪಾವ್‌ಭಾಜಿ ಫೋಟೋ ಒಂದು ಹಾಕಿ" ಅನ್ನುತ್ತಾರೆ ಶೆಟ್ರು. ಆಮೇಲೆ ಚೈನೀಸ್, ಪಂಜಾಬಿ, ಜ್ಯೂಸ್, ಹೋಮ್ ಡೆಲಿವರಿ, ಎರಡು ಮೊಬೈಲ್ ನಂಬರು, ಮೂಲೆಯಲ್ಲಿ ಕಟೀಲು ಅಮ್ಮನವರ ಪಟ. ನಾನು ಕೇಳುವುದು: "ಶೆಟ್ರೆ, ರಿಕ್ಷಾದಿಂದ ತಲೆ ಹೊರಹಾಕಿ ಹತ್ತಂಕಿಯ ನಂಬರು ಬರೆದುಕೊಳ್ಳುವವನನ್ನು ನೀವು ನೋಡಿದ್ದೀರಾ?" ಅಮ್ಮನವರ ಪಟ ಗಲ್ಲಾಪೆಟ್ಟಿಗೆಯ ಮೇಲಿರಲಿ, ಮೆನು ಬಾಗಿಲ ಪಕ್ಕ ಕಣ್ಣೆತ್ತರಕ್ಕೆ ಇರಲಿ. ಮೇಲೆ ಹೆಸರು, ಹೆಸರಿನಿಂದ ಗೊತ್ತಾಗದಿದ್ದರೆ ವ್ಯಾಪಾರ ಏನೆಂದು ಒಂದು ಪದ, ಸಾಕು.

ಮರಾಠಿ ಸಾಲನ್ನು ದಂಡ ತಪ್ಪಿಸುವ ತೆರಿಗೆಯೆಂದು ನೋಡುವುದನ್ನೂ ಬಿಡಿ. ಬೆಳಿಗ್ಗೆ ಏಳಕ್ಕೆ ಇಡ್ಲಿ ತಿನ್ನಲು ಬರುವ ಗಿರಾಕಿಗಳಲ್ಲಿ ಎಷ್ಟೋ ಜನರಿಗೆ ಮೊದಲು ಕಣ್ಣಿಗೆ ಹತ್ತುವ ಲಿಪಿ ಅದು. ಕನ್ನಡವೂ ಬೇಕಿದ್ದರೆ ಹಾಕಿಸಿ, ಯಾರೂ ಬೇಡ ಅನ್ನುವುದಿಲ್ಲ, ಆದರೆ ಅದು ಮೂರನೆಯ ಸಾಲಾಗುತ್ತದೆ ಅಂತ ಗೊತ್ತಿರಲಿ. ಮಾಟುಂಗದಲ್ಲಾದರೆ ಅದಕ್ಕೆ ಓದುಗರಿದ್ದಾರೆ. ಎಲ್ಲ ಕಡೆ ಇಲ್ಲ, ಬೇಸರವಾದರೂ ನಿಜ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡುಬಣ್ಣದ ಮೇಲೆ ತಿಳಿಬಣ್ಣ, ಇಲ್ಲವೇ ತಿಳಿಯ ಮೇಲೆ ಕಡು. ನೀಲಿಯ ಮೇಲೆ ಕೆಂಪು ಬೇಡವೇ ಬೇಡ, ಕಣ್ಣು ಕುಕ್ಕುತ್ತದೆ, ಓದಲು ಮಾತ್ರ ಆಗುವುದಿಲ್ಲ.

ಅಂಗಡಿಯ ಎದುರಿನ ಬೋರ್ಡು ಎಷ್ಟೇ ಚೆನ್ನಾಗಿದ್ದರೂ ಫುಟ್‌ಪಾತಿನಲ್ಲಿ ಗೋಡೆ ಪಕ್ಕವೇ ನಡೆಯುವವನಿಗೆ ಕಾಣುವುದಿಲ್ಲ, ಅವನಿಗೆ ಬೇಕಾದದ್ದು ಗೋಡೆಯಿಂದ ಅಡ್ಡಕ್ಕೆ ಚಾಚಿದ ಸಣ್ಣ ಬೋರ್ಡು. ಸ್ಟೇಷನ್ ಹತ್ತಿರದ ಗಲ್ಲಿಗಳಲ್ಲಿ ವ್ಯಾಪಾರ ತರುವುದು ಅದೇ. ಆದರೆ ಹೀಗೆ ಚಾಚುವುದಕ್ಕೆ, ಒಳಗೆ ಲೈಟ್ ಹಾಕುವುದಕ್ಕೆ ಮೊದಲು ಪಾಲಿಕೆಯಲ್ಲಿ ಪರವಾನಗಿ ವಿಚಾರಿಸಿ. 2024ರ ಮೇ 13ರಂದು ಘಾಟ್ಕೋಪರಿನಲ್ಲಿ 120 ಅಡಿಯ ಹೋರ್ಡಿಂಗ್ ಬಿದ್ದು 17 ಜನ ಸತ್ತರು. ನಿಮ್ಮದು ಅಷ್ಟು ದೊಡ್ಡದಲ್ಲ, ಸರಿ. ಆದರೂ ತುಕ್ಕು ಹಿಡಿದ ಬೋಲ್ಟಿನಲ್ಲಿ ನೇತಾಡುವ ಫ್ರೇಮಿನ ಕೆಳಗೆ ನಿಮ್ಮದೇ ಗಿರಾಕಿ ನಿಂತಿರುತ್ತಾನೆ.

ಇಲ್ಲಿಯ ಉಪ್ಪುಗಾಳಿಗೆ ಕಬ್ಬಿಣ ಬೇಗ ಹೋಗುತ್ತದೆ, ಅಲ್ಯೂಮಿನಿಯಂ ಫ್ರೇಮಿಗೆ ಸ್ವಲ್ಪ ಹೆಚ್ಚು ಕೊಡಿ. ಎಲ್‌ಇಡಿಯ ಪವರ್ ಸಪ್ಲೈ ಬೋರ್ಡಿನ ಒಳಗೆ ಬೇಡ, ಕೈಗೆ ಸಿಗುವಲ್ಲಿ ನೀರು ಬೀಳದಂತೆ ಇಡಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಇಂಗ್ಲಿಷಿನ ಕೊನೆಯ ಎರಡು ಅಕ್ಷರ ಆರಿ "ಹೋಟೆಲ್" ಹೋಗಿ ಬರೀ "ಹಾಟ್" ಉಳಿಯುತ್ತದೆ. ಇಂಥದ್ದು ನೋಡಿದ್ದೇನೆ, ಕಾಲೇಜು ಹುಡುಗರು ಅದರ ಕೆಳಗೆ ನಿಂತು ಸೆಲ್ಫಿ ತೆಗೆಯುತ್ತಿದ್ದರು.

ಬದಲಾಯಿಸುವ ಯೋಚನೆ ಇದ್ದವರು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಜೂನ್ ಎರಡನೇ ವಾರಕ್ಕೆ ಮಳೆ ಹಿಡಿದರೆ ವೆಲ್ಡಿಂಗ್‌ನವನೂ ಬರುವುದಿಲ್ಲ, ಏಣಿ ಹತ್ತುವ ಹುಡುಗನೂ ಬರುವುದಿಲ್ಲ.