ಕೋಟೆ ಸೂರೆಯಾದ ಮೇಲಿನ ಶನಿವಾರ

ಸೀಸನ್ನಿನ ನಡುವೆ ಎಲ್ಲೋ ಒಂದು ಪಂದ್ಯ ಸೋಲುವುದು ಬೇರೆ, ಮೊದಲ ಪಂದ್ಯವನ್ನೇ ಸೋಲುವುದು ಬೇರೆ. ನಡುವಿನ ಸೋಲು ಮುಂದಿನ ವಾರದ ಪಂದ್ಯ ಬರುವಷ್ಟರಲ್ಲಿ ಹಳತಾಗಿರುತ್ತದೆ. ಮೊದಲ ಸೋಲಿನ ಬೆನ್ನಿಗೆ ಮಾತ್ರ ಆಸ್ಟ್ರೇಲಿಯಾದ ಇಡೀ ಬೇಸಿಗೆಯಲ್ಲಿ ಅಭಿಮಾನಿಗಳು ಕೂಡಿಟ್ಟ ಆಸೆ, ತಾಲೀಮಿನ ಚಿತ್ರಗಳನ್ನು ನೋಡಿ ಮಾಡಿಕೊಂಡ ಲೆಕ್ಕಾಚಾರ, ಹೊಸದಾಗಿ ಕೊಂಡ ಮಫ್ಲರಿನ ಬೆಲೆ ಎಲ್ಲವೂ ಸೇರಿಕೊಂಡಿರುತ್ತವೆ. 2025ರ ಮಾರ್ಚ್ 13ರ ಗುರುವಾರ ರಾತ್ರಿ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ (ಎಂಸಿಜಿ) ಆಸ್ಟ್ರೇಲಿಯನ್ ಫುಟ್ಬಾಲಿನ ನಮ್ಮ ಕಾರ್ಲ್ಟನ್ ತಂಡವು ರಿಚ್ಮಂಡ್ ವಿರುದ್ಧ 41 ಪಾಯಿಂಟುಗಳಷ್ಟು ಮುಂದೆ ಹೋಗಿ, ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ಸರಿದು, ಕೊನೆಯ ಸೈರನ್ ಮೊಳಗುವ ವೇಳೆಗೆ 13 ಪಾಯಿಂಟುಗಳಿಂದ ಸೋತಿತು.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳಬೇಕು. 1859ರಲ್ಲಿ ಮೆಲ್ಬರ್ನಿನಲ್ಲಿ ಇದರ ನಿಯಮಗಳನ್ನು ಬರೆದವರಲ್ಲಿ ಕ್ರಿಕೆಟಿಗರಿದ್ದರು. ಚಳಿಗಾಲದಲ್ಲಿ ಮೈ ಜಡ್ಡುಗಟ್ಟಬಾರದೆಂಬುದು ಅವರ ಉದ್ದೇಶವಾಗಿತ್ತಂತೆ. ಆದ್ದರಿಂದ ಮೈದಾನ ಇಂದಿಗೂ ಕ್ರಿಕೆಟ್ಟಿನದೇ, ಮೊಟ್ಟೆಯಾಕಾರದ್ದು, ಚೆಂಡೂ ಮೊಟ್ಟೆಯಾಕಾರದ್ದೇ. ಒಂದೊಂದು ಕಡೆಯಲ್ಲೂ 18 ಮಂದಿ ಆಡುತ್ತಾರೆ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿದ್ದು, ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲ್, ಅಂದರೆ 6 ಪಾಯಿಂಟ್. ಪಕ್ಕದ ಸಂದಿನಲ್ಲಿ ತೂರಿದರೆ 'ಬಿಹೈಂಡ್' ಎಂಬ ಹೆಸರಿನ 1 ಪಾಯಿಂಟ್. ಗುರಿ ತಪ್ಪಿದವನಿಗೂ ಏನಾದರೊಂದು ಕೊಟ್ಟು ಕಳುಹಿಸುವ ಇಂಥ ಉದಾರ ಆಟ ಇನ್ನೊಂದಿರಲಾರದು. ಗೋಲಾದಾಗ ಕಂಬದ ಬಳಿಯ ಅಂಪೈರು ಎರಡೂ ತೋರುಬೆರಳುಗಳನ್ನು ಮುಂದಕ್ಕೆ ಚಾಚಿ, ಅನಂತರ ಎರಡು ಬಾವುಟಗಳನ್ನು ಬೀಸುತ್ತಾನೆ. ಬಿಹೈಂಡಿಗೆ ಒಂದೇ ಬೆರಳು, ಒಂದೇ ಬಾವುಟ. ಆ ಒಂಟಿ ಬಾವುಟವನ್ನು ಅವನು ಬೀಸುವ ರೀತಿಯಲ್ಲಿ ಸಂತಾಪ ಸೂಚನೆಯ ಗಾಂಭೀರ್ಯವಿರುತ್ತದೆ ಎಂಬುದು ನನ್ನ ಬಹುಕಾಲದ ಅಭಿಪ್ರಾಯ.

ಮೆಲ್ಬರ್ನಿನಲ್ಲಿ ತಂಡವನ್ನು ಯಾರೂ ಯೋಚಿಸಿ ಆರಿಸಿಕೊಳ್ಳುವುದಿಲ್ಲ. ಅದು ತಂದೆಯಿಂದ ಬರುತ್ತದೆ, ಇಲ್ಲವೇ ವಿಳಾಸದಿಂದ ಬರುತ್ತದೆ. ಓದಲು ಬಂದಾಗ ನನಗೆ ಬಾಡಿಗೆಗೆ ಸಿಕ್ಕಿದ ಕೋಣೆ ಕಾರ್ಲ್ಟನ್ನಿನ ಲೈಗನ್ ಬೀದಿಯ ಹಿಂದಿನ ಗಲ್ಲಿಯಲ್ಲಿತ್ತು, ಆದ್ದರಿಂದ ನಾನು ಕಾರ್ಲ್ಟನ್ನಿನವನಾದೆ. 16 ಪ್ರಶಸ್ತಿಗಳನ್ನು ಗೆದ್ದ ಮನೆತನವೆಂದು ಆಗ ಎಲ್ಲರೂ ಹೊಗಳಿದರು. ಹದಿನಾರನೆಯದು 1995ರಲ್ಲಿ ಬಂದದ್ದೆಂದೂ ಅಲ್ಲಿಂದೀಚೆಗೆ ಹದಿನೇಳನೆಯದರ ಸುಳಿವೇ ಇಲ್ಲವೆಂದೂ ಯಾರೂ ತಾವಾಗಿ ಹೇಳಲಿಲ್ಲ. ಹಾಗೆಂದು ಆಸೆಗೆ ಆಧಾರವಿರಲಿಲ್ಲವೆಂದಲ್ಲ. 2023ರಲ್ಲಿ ತಂಡವು ಸೀಸನ್ನಿನ ನಡುವೆ ತಳದತ್ತ ಜಾರಿದ್ದರೂ ಎದ್ದು ಬಂದು, ಕಪ್ಪಿನ ಪಂದ್ಯಕ್ಕೆ ಒಂದೇ ಮೆಟ್ಟಿಲು ಮುಂಚಿನ ಪ್ರಿಲಿಮಿನರಿ ಫೈನಲ್ ತಲುಪಿತ್ತು. ನಾಯಕ ಪ್ಯಾಟ್ರಿಕ್ ಕ್ರಿಪ್ಸ್ 2024ರಲ್ಲಿ 45 ಮತಗಳ ದಾಖಲೆಯೊಂದಿಗೆ, ಅಂಪೈರುಗಳು ಮತ ಹಾಕಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ ಪಡೆದಿದ್ದ. ಎದುರಾಳಿ ರಿಚ್ಮಂಡ್ ಅದೇ 2024ರಲ್ಲಿ ಎರಡೇ ಪಂದ್ಯ ಗೆದ್ದು ಕಟ್ಟಕಡೆಯ ಸ್ಥಾನದಲ್ಲಿ ಕುಳಿತಿದ್ದ ತಂಡ. ಅದರ ದೊಡ್ಡ ಆಟಗಾರ ಡಸ್ಟಿನ್ ಮಾರ್ಟಿನ್ ನಿವೃತ್ತನಾಗಿದ್ದ, ಇನ್ನು ಕೆಲವರು ಬೇರೆ ತಂಡಗಳಿಗೆ ಹೋಗಿಬಿಟ್ಟಿದ್ದರು, ಉಳಿದವರಲ್ಲಿ ಅನೇಕರು ಮೀಸೆ ಸರಿಯಾಗಿ ಮೂಡದ ಹುಡುಗರು. ಇಂಥವರೊಡನೆ ಪಂದ್ಯವೆಂದ ಮೇಲೆ ಫಲಿತಾಂಶದ ಬಗ್ಗೆ ಚರ್ಚಿಸುವುದೇ ಅಸಭ್ಯತೆಯೆಂದು ನಾವು ಭಾವಿಸಿದ್ದೆವು.

ನನ್ನ ಭಾವಮೈದುನ ಈ ಭಾವನೆಯನ್ನು ಕಾರ್ಯರೂಪಕ್ಕೆ ತಂದವನು. ಎರಡನೆಯ ಕ್ವಾರ್ಟರಿನಲ್ಲಿ ಅಂತರ 41ಕ್ಕೆ ಮುಟ್ಟುತ್ತಿದ್ದಂತೆಯೇ ಅವನು ಗ್ಯಾಲರಿಯಲ್ಲಿ ಕುಳಿತಲ್ಲಿಂದಲೇ ನಮ್ಮ ಕನ್ನಡ ಗೆಳೆಯರ ಗುಂಪಿಗೆಲ್ಲ, "ರಾತ್ರಿ ಎಲ್ಲರೂ ಮನೆಗೆ ಬನ್ನಿ, ಬಿರಿಯಾನಿ ನನ್ನ ಲೆಕ್ಕ" ಎಂದು ಸಂದೇಶ ಕಳುಹಿಸಿ, ಹೋಟೆಲಿಗೆ ಮುಂಗಡ ಹಣವನ್ನೂ ಕಟ್ಟಿದ. ಮೂರನೆಯ ಕ್ವಾರ್ಟರಿನಲ್ಲಿ ಅಂತರ ಕರಗಲಾರಂಭಿಸಿದಾಗ ಅವನು ಪಂದ್ಯ ನೋಡುವುದನ್ನು ಬಿಟ್ಟು ಹೋಟೆಲಿನವರಿಗೆ ಫೋನು ಹಚ್ಚುತ್ತ ಕುಳಿತ. "ಅಕ್ಕಿ ಬೆಂದಾಗಿದೆ, ಇನ್ನು ಏನೂ ಮಾಡಲಾಗುವುದಿಲ್ಲ" ಎಂಬ ಉತ್ತರ ಬಂತು. ಮೈದಾನದಲ್ಲೂ ಪರಿಸ್ಥಿತಿ ಹೆಚ್ಚು ಕಡಿಮೆ ಅದೇ ಆಗಿತ್ತು.

ಆ ಬಿರಿಯಾನಿಯನ್ನು ನಾವು ತಲೆ ತಗ್ಗಿಸಿಕೊಂಡೇ ತಿಂದೆವು. ತಲೆಯೆತ್ತಿ ತಿಂದವರು ಹುಬ್ಬಳ್ಳಿಯ ಕಾಕಾ ಒಬ್ಬರೇ. ರಿಚ್ಮಂಡ್ 37 ವರ್ಷಗಳ ಬರವನ್ನು ನೀಗಿಸಿಕೊಂಡು 2017ರಲ್ಲಿ ಕಪ್ ಗೆದ್ದಂದಿನಿಂದ ಅವರು ಹಳದಿ-ಕಪ್ಪು ಪಕ್ಷದವರು. ಎರಡನೆಯ ಸಲ ಬಡಿಸಿಕೊಳ್ಳುತ್ತ ಅವರು ನನ್ನ ಭಾವಮೈದುನನಿಗೆ, "ತಮ್ಮಾ, ಬಿರಿಯಾನಿ ಭಾಳ ಛಲೋ ಆಗೇದ ನೋಡು. ಪ್ರತಿ ವರ್ಷ ಮಾಡಸಪಾ" ಎಂದರು.

ಮರುದಿನ ಶುಕ್ರವಾರ ಕಚೇರಿ. ಇಲ್ಲಿನ ಕಚೇರಿಗಳಲ್ಲಿ 'ಟಿಪ್ಪಿಂಗ್' ಎಂಬ ವಾರದ ವ್ರತವಿದೆ. ಪ್ರತಿ ಸುತ್ತಿನಲ್ಲೂ ಯಾವ ಯಾವ ತಂಡ ಗೆಲ್ಲುತ್ತದೆಂದು ಎಲ್ಲರೂ ಮೊದಲೇ ಬರೆದುಕೊಡಬೇಕು. ನಮ್ಮ ವಿಭಾಗದಲ್ಲಿ ರಿಚ್ಮಂಡ್ ಎಂದು ಬರೆದಿದ್ದವನು ಬೆಂಗಳೂರಿನಿಂದ ಆಗತಾನೇ ಬಂದಿಳಿದಿದ್ದ ಹುಡುಗನೊಬ್ಬನೇ. ಅವನ ಹಳೆಯ ಆಫೀಸು ರಿಚ್ಮಂಡ್ ರಸ್ತೆಯಲ್ಲಿತ್ತಂತೆ. ಬೇರೆ ಯಾವ ತಂಡದ ಹೆಸರನ್ನೂ ಅವನು ಕೇಳಿರಲಿಲ್ಲವಂತೆ. ಆ ವಾರವೆಲ್ಲ ದೊಡ್ಡ ದೊಡ್ಡ ಅಧಿಕಾರಿಗಳು ಕಾಫಿ ಯಂತ್ರದ ಬಳಿ ಅವನನ್ನು ನಿಲ್ಲಿಸಿಕೊಂಡು ಮುಂದಿನ ಸುತ್ತಿನ ಬಗ್ಗೆ ಅಭಿಪ್ರಾಯ ಕೇಳುತ್ತಿದ್ದರು.

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸವನ್ನು ಶನಿವಾರ ಬೆಳಿಗ್ಗೆಗೆ ಇಟ್ಟುಕೊಂಡಿದ್ದೆವು. ಮೆಲ್ಬರ್ನಿನ ಟಾರ್ನೀಟ್ ಬಡಾವಣೆಯ ಸ್ನೇಹಿತರೊಬ್ಬರ ಗ್ಯಾರೇಜಿನಲ್ಲಿ ಇಡ್ಲಿ, ಚಟ್ನಿ, ಫಿಲ್ಟರ್ ಕಾಫಿಯೊಂದಿಗೆ ವಿಮರ್ಶೆ ಆರಂಭವಾಯಿತು. ಉಡುಪಿಯ ಕಡೆಯ ಲೆಕ್ಕಪರಿಶೋಧಕರು ಮೊದಲಿಗೆ ಎದ್ದು, ರಿಚ್ಮಂಡ್ 13 ಗೋಲ್ 4 ಬಿಹೈಂಡ್ ಸೇರಿ 82, ಕಾರ್ಲ್ಟನ್ 10 ಗೋಲ್ 9 ಬಿಹೈಂಡ್ ಸೇರಿ 69 ಎಂಬ ಅಂಕಿಗಳನ್ನು ಮುಂದಿಟ್ಟರು. "ಈಗ ಒಟ್ಟು ಪ್ರಯತ್ನಗಳನ್ನು ಕೂಡಿಸಿ. ಅವರದು 17, ನಮ್ಮದು 19. ಹಾಗಾದರೆ ಹೆಚ್ಚು ದುಡಿದವರು ಯಾರು?" ಎಂದು ಅವರು ಕೇಳಿದಾಗ ಗ್ಯಾರೇಜಿನಲ್ಲಿ ಒಂದು ಬಗೆಯ ಬೆಳಕು ಮೂಡಿತು. ಸೋಲು ಹೋಗಿ ಅನ್ಯಾಯವಾಯಿತು. ಅನ್ಯಾಯವನ್ನು ಹೊತ್ತುಕೊಳ್ಳುವುದು ಸೋಲಿಗಿಂತ ಎಷ್ಟೋ ಸುಲಭ. ಅಲ್ಲಿಯೇ ನಿಲ್ಲಿಸಿದ್ದರೆ ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋಗಬಹುದಾಗಿತ್ತು.

ಆದರೆ ದಾವಣಗೆರೆಯ ವೈದ್ಯರಿಗೆ ಅಂಕಿಗಳಲ್ಲಿ ನಂಬಿಕೆಯಿಲ್ಲ, ಕಾಲುಗಳಲ್ಲಿ ನಂಬಿಕೆ. ವಿರಾಮದ ನಂತರ ನಮ್ಮ ಹುಡುಗರ ಕಾಲುಗಳು ಸೋತವು, ಬೇಸಿಗೆಯ ತಾಲೀಮಿನಲ್ಲೇ ದೋಷವಿತ್ತು ಎಂಬುದು ಅವರ ವಾದ. ಎಂಸಿಜಿಯ ಮೆಟ್ಟಿಲುಗಳನ್ನು ಹತ್ತುವಾಗ ಮಧ್ಯೆ ನಿಂತು ಮೈದಾನದ ಸೌಂದರ್ಯವನ್ನು ಹೊಗಳುವ ನೆಪದಲ್ಲಿ ಉಸಿರು ಸುಧಾರಿಸಿಕೊಳ್ಳುವವರು ಇದೇ ವೈದ್ಯರು. ತಮ್ಮ ವಾದವನ್ನು ಸ್ಪಷ್ಟಪಡಿಸಲು ಅವರು ಉದ್ದನೆಯ ತಟ್ಟೆಯೊಂದನ್ನು ತರಿಸಿ, ಕಾರ್ಲ್ಟನ್ನಿಗೆ 18 ಕಡಲೆಬೀಜ, ರಿಚ್ಮಂಡಿಗೆ 18 ಹುರಿಗಡಲೆ ಇಟ್ಟು, ಎಲ್ಲಕ್ಕಿಂತ ದಪ್ಪನೆಯ ಕಡಲೆಬೀಜವನ್ನು ಕ್ರಿಪ್ಸ್ ಎಂದು ನಡುವೆ ಕೂರಿಸಿದರು. ನಮ್ಮ ಮುಂಪಡೆಯ ಚಾರ್ಲಿ ಕರ್ನೋ ಗಾಯಗೊಂಡು ಆ ಪಂದ್ಯವನ್ನು ಆಡಿರಲಿಲ್ಲವಾದ್ದರಿಂದ ಅವನ ಪ್ರತಿನಿಧಿಯಾಗಿ ಗೋಡಂಬಿಯೊಂದನ್ನು ತಟ್ಟೆಯ ಹೊರಗೆ ಇಡಲಾಯಿತು. ಮೂರನೆಯ ಕ್ವಾರ್ಟರಿನಲ್ಲಿ ನಮ್ಮ ನಡುಪಡೆ ಎಲ್ಲಿ ಮಾಯವಾಯಿತೆಂದು ವೈದ್ಯರು ಬೆರಳಿನಿಂದ ತೋರಿಸಹೊರಟಾಗ ಅದು ನಿಜವಾಗಿಯೂ ಮಾಯವಾಗಿತ್ತು. ಮನೆಯೊಡೆಯರ ಪುಟ್ಟ ಮಗಳು ಕ್ರಿಪ್ಸ್‌ನನ್ನೂ ಅವನ ಅಕ್ಕಪಕ್ಕದ ನಾಲ್ವರನ್ನೂ ಬಾಯಿಗೆ ಹಾಕಿಕೊಂಡು, ಗೋಡಂಬಿಯತ್ತ ಕೈ ಚಾಚುತ್ತಿದ್ದಳು. ಹುರಿಗಡಲೆಯನ್ನು ಅವಳು ಮುಟ್ಟಿರಲಿಲ್ಲ. ಕಾಕಾ ಇದನ್ನು ವಿಶೇಷವಾಗಿ ಗಮನಕ್ಕೆ ತಂದರು.

ಈ ಹಂತದಲ್ಲಿ ಶಿವಮೊಗ್ಗದಿಂದ ಬಂದಿದ್ದ ನಮ್ಮ ಅತ್ತೆಯವರು ಬಾಗಿಲಲ್ಲಿ ನಿಂತು, ಪಂದ್ಯ ಶುರುವಾದದ್ದು ಎಷ್ಟು ಗಂಟೆಗೆಂದು ವಿಚಾರಿಸಿದರು. ಸಂಜೆ ಏಳೂವರೆಯ ಸುಮಾರಿಗೆ ಎಂದೆವು. ಅವರು ಕ್ಷಣಕಾಲ ಕಣ್ಣು ಮುಚ್ಚಿ, ನಮ್ಮೂರಿನ ಲೆಕ್ಕದಲ್ಲಿ ಮಧ್ಯಾಹ್ನ ಎರಡು ಗಂಟೆ, ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲ ಎಂದರು. ಸೂರ್ಯೋದಯ ಇಲ್ಲಿಯದನ್ನು ಹಿಡಿಯಬೇಕಲ್ಲವೇ ಎಂಬ ತಾಂತ್ರಿಕ ಆಕ್ಷೇಪವನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಲೆಕ್ಕಪರಿಶೋಧಕರು ಮಾತ್ರ ಬಿಡದೆ, "ಅಮ್ಮಾ, ರಾಹುಕಾಲ ನಡೆಯುತ್ತಿದ್ದಷ್ಟು ಹೊತ್ತೂ ನಾವೇ ಮುಂದಿದ್ದೆವು, ಅದು ಮುಗಿದ ಮೇಲೆಯೇ ಸೋತದ್ದು" ಎಂದರು. "ಆರಂಭಿಸಿದ ಕೆಲಸ ಕೊನೆಯಲ್ಲಿ ಕೈಕೊಡುತ್ತದೆ ಅಂತಲೇ ಅಲ್ಲವೇ ಶಾಸ್ತ್ರ ಇರೋದು?" ಎಂದು ಅತ್ತೆ ಕೇಳಿದರು. ರಿಚ್ಮಂಡಿನವರೂ ಅದೇ ಗಳಿಗೆಯಲ್ಲಿ ಆರಂಭಿಸಿದರಲ್ಲ ಎಂದು ನಾನು ನೆನಪಿಸಿದಾಗ, "ಅವರಿಗೆ ಆಸೆ ಇರಲಿಲ್ಲವಲ್ಲಪ್ಪ, ರಾಹು ಕೆಡಿಸೋಕೆ ಅಲ್ಲಿ ಏನಿತ್ತು?" ಎಂದುಬಿಟ್ಟರು. ಆ ವಾರ ದೂರದರ್ಶನದಲ್ಲಿ ಪರಿಣತರು ಆಡಿದ ಯಾವ ಮಾತೂ ಇಷ್ಟು ಸರಿಯಾಗಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ಕಾಕಾ ಅಷ್ಟರಲ್ಲಿ ಪ್ರಯೋಗಿಸಿಯೇಬಿಟ್ಟರು. ಇಲ್ಲಿ ಚೆಂಡೇ ಡೊಂಕಾಗಿರುವುದರಿಂದ ಆ ಗಾದೆ ನಮಗೆ ಅನ್ವಯಿಸುವುದಿಲ್ಲವೆಂದು ಭಾವಮೈದುನ ಉತ್ತರಿಸಿದ. ಅವನು ಅಲ್ಲಿಯವರೆಗೆ ಮೂಲೆಯಲ್ಲಿ ಕುಳಿತು ಏನೋ ಗುಣಾಕಾರ ಮಾಡುತ್ತಿದ್ದ. ಈ ಲೀಗಿನಲ್ಲಿ ಗೆಲುವಿಗೆ 4 ಪಾಯಿಂಟ್. ಪಾಯಿಂಟುಗಳು ಸಮವಾದರೆ, ಗಳಿಸಿದ ಸ್ಕೋರನ್ನು ಕೊಟ್ಟ ಸ್ಕೋರಿನಿಂದ ಭಾಗಿಸಿ ನೂರರಿಂದ ಗುಣಿಸಿದ 'ಪರ್ಸೆಂಟೇಜ್' ನೋಡುತ್ತಾರೆ. 82ಕ್ಕೆ 69, ಅಂದರೆ 84.1. ಇನ್ನೂ 22 ಪಂದ್ಯಗಳು ಬಾಕಿಯಿರುವಾಗ ಮೊದಲ ಪಂದ್ಯದ ಬೆನ್ನಿಗೇ ದಶಮಾಂಶದವರೆಗೆ ಲೆಕ್ಕ ಹಾಕಬೇಕೆಂದು ಇಲ್ಲಿಯವರಿಗೆ ತೋಚುವುದಿಲ್ಲ. ನಮಗೆ ತೋಚುತ್ತದೆ, ಏಕೆಂದರೆ ನಾವು ಆರ್‌ಸಿಬಿಯ ಗರಡಿಯಲ್ಲಿ ಪಳಗಿದವರು. ಯಾರು ಯಾರನ್ನು ಎಷ್ಟು ಓವರುಗಳಲ್ಲಿ ಸೋಲಿಸಿದರೆ ನಾವು ಒಳಗೆ ಹೋಗುತ್ತೇವೆ ಎಂಬ ಲೆಕ್ಕದಲ್ಲಿ ನಮ್ಮ ಯೌವನ ಕಳೆದಿದೆ. 2008ರ ಏಪ್ರಿಲ್ 18ರಂದು ಐಪಿಎಲ್ಲಿನ ಮೊಟ್ಟಮೊದಲ ಪಂದ್ಯದಲ್ಲಿ ಬ್ರೆಂಡನ್ ಮೆಕಲಮ್ ಒಬ್ಬನೇ ಅಜೇಯ 158 ಬಾರಿಸಿದ ಮೇಲೆ ನಮ್ಮ ತಂಡವು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎಷ್ಟಕ್ಕೆ ಉರುಳಿತ್ತು ಎಂದು ಭಾವಮೈದುನ ಕೇಳಿದಾಗ, ಗ್ಯಾರೇಜಿನಲ್ಲಿದ್ದವರೆಲ್ಲ ಒಂದೇ ಧ್ವನಿಯಲ್ಲಿ "82" ಎಂದರು. ರಿಚ್ಮಂಡಿನ ಸ್ಕೋರೂ ಅದೇ. ಇದರಿಂದ ಏನು ಸಾಬೀತಾಯಿತೆಂದು ಯಾರಿಗೂ ತಿಳಿಯಲಿಲ್ಲವಾದರೂ ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ನಿಜವಾದ ಅಭಿಮಾನಿ ಹೇಗಿರುತ್ತಾನೆಂದು ತಿಳಿಯಬೇಕಾದರೆ ನಮ್ಮ ಪಕ್ಕದ ಮನೆಯ ಹಿರಿಯರನ್ನು ನೋಡಬೇಕು. ಬಾಲ್ಯದಿಂದಲೂ ಕಾರ್ಲ್ಟನ್ನಿನವರಾದ ಅವರು ಭಾನುವಾರ ಬೇಲಿಯ ಮೇಲೆ ಮೊಣಕೈ ಊರಿ ನಿಂತು, ಗುರುವಾರದ ಬಗ್ಗೆ ಒಂದಕ್ಷರವನ್ನೂ ಆಡದೆ, 1970ರ ಗ್ರ್ಯಾಂಡ್ ಫೈನಲನ್ನು ವಿವರಿಸಿದರು. ಅಂದು ಎಂಸಿಜಿಯಲ್ಲಿ ಸೇರಿದ್ದ 1,21,696 ಜನರ ದಾಖಲೆ ಇಂದಿಗೂ ಮುರಿದಿಲ್ಲ. ಅರ್ಧ ಆಟ ಮುಗಿದಾಗ ಕಾಲಿಂಗ್ವುಡ್ಡಿಗಿಂತ 44 ಪಾಯಿಂಟ್ ಹಿಂದಿದ್ದ ಕಾರ್ಲ್ಟನ್ನಿಗೆ ಕೋಚ್ ರಾನ್ ಬರಾಸಿ, ಚೆಂಡನ್ನು ಒದೆಯುವುದಕ್ಕಿಂತ ಕೈಯಿಂದ ಕೈಗೆ ಗುದ್ದಿ ದಾಟಿಸುತ್ತ ಓಡಿ ಎಂದು ಹೇಳಿ ಕಳುಹಿಸಿದನಂತೆ. 10 ಪಾಯಿಂಟುಗಳಿಂದ ಗೆದ್ದರಂತೆ. ಕೈಯಿಂದ ಗುದ್ದುವುದು ಹೇಗೆಂದು ತೋರಿಸಲು ಅವರು ನನ್ನ ಕೈಯಲ್ಲಿದ್ದ ನಿಂಬೆಹಣ್ಣನ್ನು ತೆಗೆದುಕೊಂಡು ಎಡ ಅಂಗೈಯಲ್ಲಿಟ್ಟು ಬಲ ಮುಷ್ಟಿಯಿಂದ ಹೊಡೆದರು. ಅದು ಅವರದೇ ಮನೆಯ ಕಿಟಕಿಯ ಗಾಜಿಗೆ ಬಡಿದು ಕೆಳಗೆ ಬಿತ್ತು. "ಬಿಹೈಂಡ್" ಎಂದರು ಒಳಗಿನಿಂದ ಅವರ ಹೆಂಡತಿ. ಅಷ್ಟು ಹಿಂದಿನಿಂದ ಬಂದು ಗೆಲ್ಲುವ ವಿದ್ಯೆಯನ್ನು ಲೋಕಕ್ಕೆ ಕಲಿಸಿದವರೇ ನಾವು, ರಿಚ್ಮಂಡಿನ ಹುಡುಗರು ಅದನ್ನು ನಮ್ಮ ಮೇಲೆಯೇ ಪ್ರಯೋಗಿಸಿದರೆ ಬೇಸರವೇಕೆ ಎಂಬುದು ಅವರ ಒಟ್ಟು ನಿಲುವು.

ವಾರಾಂತ್ಯದಲ್ಲಿ ಮೈಸೂರಿನಿಂದ ಅಪ್ಪ ಫೋನು ಮಾಡಿ, "41 ಮುಂದಿದ್ದು ಸೋಲೋದು ಹೇಗೋ?" ಎಂದು ಕೇಳಿದರು. ಕಾಲು, ಗಾಯ, ಬಿಹೈಂಡು, ರಾಹು ಎಲ್ಲವನ್ನೂ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡು, "ಆ ಕಡೆಯವರು ಚೆನ್ನಾಗಿ ಆಡಿದರೇನೋ" ಎಂದರು. ಗ್ಯಾರೇಜಿನಲ್ಲಿ ಎರಡು ಸುತ್ತು ಕಾಫಿ ಮುಗಿದರೂ ಈ ಸಾಧ್ಯತೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅನಂತರ ಹಾಥಾರ್ನ್, ವೆಸ್ಟರ್ನ್ ಬುಲ್ಡಾಗ್ಸ್, ಕಾಲಿಂಗ್ವುಡ್ ಎದುರೂ ಸೋತು, ಸತತ ನಾಲ್ಕು ಸೋಲುಗಳಾದವು. ವಿಮರ್ಶಾ ಸಭೆಗಳು ತಪ್ಪದೆ ನಡೆದವು, ಒಂದಕ್ಕಿಂತ ಒಂದು ರಂಗೇರಿದವು. ಇಡ್ಲಿ ಹೋಗಿ ಮಸಾಲೆದೋಸೆ ಬಂತು, ಕಡಲೆಬೀಜವನ್ನು ಕೈಬಿಟ್ಟು ಮಗು ತಿನ್ನಲಾಗದ ಅಂಗಿ ಗುಂಡಿಗಳನ್ನು ಬಳಸಲಾರಂಭಿಸಿದೆವು, ಎಂದೂ ಆಟ ನೋಡದವರೂ ಬಂದು ಕುರ್ಚಿ ಎಳೆದುಕೊಂಡು ಕೂರತೊಡಗಿದರು. ಐದನೆಯ ಸುತ್ತಿನಲ್ಲಿ ವೆಸ್ಟ್ ಕೋಸ್ಟ್ ವಿರುದ್ಧ ಕಾರ್ಲ್ಟನ್ ಗೆದ್ದುಬಿಟ್ಟಿತು. ಆ ಸಲದ ಸಭೆಗೆ ಎಲ್ಲರೂ ಬಂದರು, ಗುಂಡಿಗಳನ್ನೂ ಜೋಡಿಸಿದರು, ಆದರೆ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ವೈದ್ಯರು ಕಾಲುಗಳ ಬಗ್ಗೆ ಏನೋ ಆರಂಭಿಸಿ ಅರ್ಧಕ್ಕೆ ನಿಲ್ಲಿಸಿದರು. ದೋಸೆ ಹಂಚಿನ ಮೇಲಿಂದ ಇಳಿಯುವ ಮೊದಲೇ ಸಭೆ ಮುಗಿದುಹೋಯಿತು.