ಎಂಜಿನ್ ನಿಂತರೆ ಎಲ್ಲಿ ಇಳಿಸುತ್ತೀರಿ?

ಪುತ್ತೂರು ಕಡೆ ಇರುವ ನಮ್ಮ ಭಾವ ಈಗ ಫೋನ್ ಮಾಡಿದರೆ ಡ್ರೋನ್ ಬಿಟ್ಟು ಬೇರೆ ಮಾತಿಲ್ಲ. ಅಡಿಕೆಗೆ ಮದ್ದು ಬಿಡಲು ಜನ ಸಿಗುತ್ತಿಲ್ಲ, ಸಿಕ್ಕಿದವರು ಮಳೆಯಲ್ಲಿ ಮರ ಹತ್ತುವುದಿಲ್ಲ, ಇನ್ನೇನಿದ್ದರೂ ಡ್ರೋನೇ ಗತಿ ಅಂತ. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನಾನಿರುವುದು ಪೆರ್ಲದ ಹತ್ತಿರ, ಕಾಸರಗೋಡು ಜಿಲ್ಲೆ. ಇಲ್ಲಿ ಮದ್ದು ಹೊತ್ತುಕೊಂಡು ಏನಾದರೂ ತಲೆ ಮೇಲೆ ಹಾರುತ್ತದೆ ಅಂದರೆ ಹಿರಿಯರು ಮೊದಲು ನೋಡುವುದು ಬಾವಿ ಕಡೆಗೆ.

ಕಾರಣ ಗೊತ್ತೇ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ವಿಷದ ಕೀಟನಾಶಕ ಬಿಟ್ಟರು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಅಂತ. ಗುಡ್ಡದ ಮೇಲೆ ಬಿಟ್ಟದ್ದು ಬೈಲಿನ ತೋಡಿಗೂ ಬಾವಿಗೂ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಕ್ಕೂ ಇಳಿಯಿತು. ಗಡಿಯಾಚೆ ಕೊಕ್ಕಡದ ಕಡೆಯೂ ಇದೇ ಕಥೆ, ಆದರೆ ಕರ್ನಾಟಕದಲ್ಲಿ ಬಹಳ ಜನ ಇದನ್ನು 'ಕಾಸರಗೋಡಿನ ವಿಷಯ' ಅಂತ ಬದಿಗಿಟ್ಟುಬಿಟ್ಟಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಆ ಮದ್ದನ್ನು ನಿಲ್ಲಿಸಿತು.

ವಿಷದ ಬಗ್ಗೆ ಸಾಕಷ್ಟು ಬರೆದಾಗಿದೆ. ನನ್ನ ತಲೆ ತಿನ್ನುವುದು ಬೇರೆ ಪ್ರಶ್ನೆ. ಆ ಹೆಲಿಕಾಪ್ಟರಿನ ಎಂಜಿನ್ ಮಧ್ಯದಲ್ಲೇ ನಿಂತಿದ್ದರೆ?

ಅಮೆರಿಕದ ಬಯಲಿನಲ್ಲಿ ಮದ್ದು ಬಿಡುವ ವಿಮಾನಗಳು ಪೈರಿನ ಮೇಲೆ ಬರೀ ಮೂರು ನಾಲ್ಕು ಮೀಟರ್ ಎತ್ತರದಲ್ಲಿ, ಗಂಟೆಗೆ 200 ಕಿಲೋಮೀಟರ್ ಆಸುಪಾಸು ವೇಗದಲ್ಲಿ ಹಾರುತ್ತವೆ. ಟೆಕ್ಸಾಸಿನಲ್ಲಿ ತಯಾರಾಗುವ ಏರ್ ಟ್ರ್ಯಾಕ್ಟರಿನ ದೊಡ್ಡ ಮಾದರಿಯ ಟ್ಯಾಂಕಿಗೆ ಸುಮಾರು 3,000 ಲೀಟರ್ ಹಿಡಿಯುತ್ತದೆ. ಅಷ್ಟು ಕೆಳಗೆ ಎಂಜಿನ್ ಕೈಕೊಟ್ಟರೆ ಯೋಚಿಸಲು ಪುರುಸೊತ್ತೇ ಇಲ್ಲ. ಇದ್ದ ವೇಗದಲ್ಲಿ ಮೂತಿ ಎತ್ತಿ ಸ್ವಲ್ಪ ಎತ್ತರ ಗಿಟ್ಟಿಸಬೇಕು, ಟ್ಯಾಂಕಿನ ಅಡಿಯ ಬಾಗಿಲು ತೆರೆದು ಮದ್ದನ್ನೆಲ್ಲ ಒಮ್ಮೆಲೇ ಸುರಿದು ಭಾರ ಇಳಿಸಬೇಕು, ಹಿಂದಕ್ಕೆ ತಿರುಗುವ ಆಸೆ ಬಿಟ್ಟು ಎದುರಿಗೆ ಸಿಕ್ಕ ಗದ್ದೆಯಲ್ಲೇ ಇಳಿಸಬೇಕು. ತಿರುಗಲು ಹೋದರೆ ಇರುವ ಚೂರು ವೇಗವೂ ಹೋಗಿ ರೆಕ್ಕೆ ನೆಲಕ್ಕೆ ಬಡಿಯುತ್ತದೆ. ಹೆಲಿಕಾಪ್ಟರ್ ಆದರೆ ಕೆಳಗಿನಿಂದ ನುಗ್ಗುವ ಗಾಳಿಗೇ ಮೇಲಿನ ರೆಕ್ಕೆ ತಿರುಗುವ ಹಾಗೆ ಮಾಡಿ ಇಳಿಸಬಹುದು, ಆದರೆ ಎತ್ತರವೂ ವೇಗವೂ ಎರಡೂ ಕಡಿಮೆ ಇದ್ದರೆ ಅದೂ ಆಗುವುದಿಲ್ಲ.

ಅಂದರೆ ಪೈಲಟ್ ಉಳಿಯಬೇಕಾದರೆ ಮದ್ದು ಕೆಳಗೆ ಬೀಳಲೇಬೇಕು. ಯಾರ ಮೇಲೆ ಅನ್ನುವುದು ಆಮೇಲಿನ ಮಾತು.

ಅಲ್ಲಿನವರಿಗೆ ಇದು ಗೊತ್ತು, ಹಾಗಾಗಿ ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ಜನವಸತಿ ಮೇಲೆ ಮದ್ದು ಬಿಡಬೇಕಾದರೆ ಸ್ಥಳೀಯ ಆಡಳಿತದ ಲಿಖಿತ ಒಪ್ಪಿಗೆ ಬೇಕು. ಪೇಪರ್, ರೇಡಿಯೋ ಅಥವಾ ಮನೆಮನೆಗೆ ಹೋಗಿ ಜನರಿಗೆ ಮೊದಲೇ ತಿಳಿಸಬೇಕು. ತುರ್ತಾಗಿ ಇಳಿಯಲು ಆ ವಿಮಾನಕ್ಕೆ ಎಷ್ಟು ಸಾಮರ್ಥ್ಯ ಇದೆ ಅಂತ ಯೋಜನೆಯಲ್ಲಿ ತೋರಿಸಬೇಕು. ಹೆಲಿಕಾಪ್ಟರ್ ಬಿಟ್ಟು ಉಳಿದ ವಿಮಾನಗಳಾದರೆ ಅರ್ಧ ಭಾರವನ್ನು 45 ಸೆಕೆಂಡಿನೊಳಗೆ ಸುರಿಯುವ ವ್ಯವಸ್ಥೆ ಇರಲೇಬೇಕು.

ಅಮೆರಿಕವೇ ಶ್ರೇಷ್ಠ ಅಂತ ಹೊಗಳಲು ಇದನ್ನು ಹೇಳಿದ್ದಲ್ಲ. ಅಲ್ಲಿ ಊರು ಒಂದು ಕಡೆ, ಹೊಲ ಒಂದು ಕಡೆ, ಮೈಲುಗಟ್ಟಲೆ ಚಪ್ಪಟೆ ನೆಲ. ನಮ್ಮಲ್ಲಿ ಊರು ಅಂದರೇನು? ಗುಡ್ಡೆಯ ಬುಡದಲ್ಲಿ ಒಂದು ಮನೆ, ತೋಡು ದಾಟಿದರೆ ಇನ್ನೊಂದು, ಅಡಿಕೆ ಮರಗಳ ನೆರಳಲ್ಲಿ ಮತ್ತೊಂದು. ಮೇಲಿನಿಂದ ನೋಡಿದರೆ ಎಲ್ಲ ಬರೀ ಹಸಿರು, ಒಂದು ಹಂಚೂ ಕಾಣಿಸುವುದಿಲ್ಲ. ಅವರ ಕಾನೂನನ್ನು ಹಾಗೆಯೇ ತಂದು ಹಾಕಿದರೆ ನಮ್ಮ ಬೈಲು ಜನವಸತಿಯ ಲೆಕ್ಕಕ್ಕೇ ಬರಲಿಕ್ಕಿಲ್ಲ! ಇಳಿಸಲು ಜಾಗವೂ ಅಷ್ಟೇ. ಗುಡ್ಡದ ನೆತ್ತಿಯಲ್ಲಿ ಪಾರೆ, ಅಂದರೆ ಬೋಳು ಕಲ್ಲಿನ ಬಯಲು ಇದೆ, ಸರಿ. ಇಳಿಜಾರಿನಲ್ಲಿ ಗೇರು, ಕೆಳಗೆ ತೋಟ, ನಡುನಡುವೆ ಕರೆಂಟಿನ ತಂತಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಂಥ ಜಾಗದ ಮೇಲೆ ಹಾರಿಸಿದರಲ್ಲ, ನಿಂತರೆ ಎಲ್ಲಿ ಇಳಿಸುತ್ತೀರಿ ಅಂತ ಕೆಳಗಿದ್ದವರು ಕೇಳುವ ಒಂದು ಜಾಗವಾದರೂ ಇತ್ತಾ?

ಈಗ ಡ್ರೋನ್. ಹತ್ತು ಲೀಟರ್ ಟ್ಯಾಂಕಿನದ್ದು ಮದ್ದು ತುಂಬಿದರೆ ಹತ್ತಿರ ಹತ್ತಿರ 25 ಕಿಲೋ. ಪೈಲಟ್ ಒಳಗಿಲ್ಲ, ಅದೊಂದು ದೊಡ್ಡ ಸಮಾಧಾನ. ಆದರೆ ಹೆಲಿಕಾಪ್ಟರಿನ ಹಾಗೆ ಗಾಳಿಯ ಬಲದಲ್ಲಿ ಇಳಿಯುವುದು ಇದಕ್ಕೆ ಗೊತ್ತಿಲ್ಲ. ನಾಲ್ಕು ಮೋಟಾರಿನದ್ದರಲ್ಲಿ ಒಂದು ನಿಂತರೆ ಮಗುಚಿ ಬೀಳುತ್ತದೆ. ಆರು ಮೋಟಾರಿದ್ದರೆ ಬಚಾವಾಗಬಹುದು. ಮತ್ತೆ ಅಡಿಕೆಯ ಕೊಳೆರೋಗದ ಮದ್ದು ತಾಗಬೇಕಾದ್ದು ಗೊನೆಗೆ, ಡ್ರೋನ್ ಬಿಡುವುದು ಸೋಗೆಯ ಮೇಲಿನಿಂದ. ಇರಲಿ, ಅದು ಬೇರೆ ಜಗಳ.

ನಮ್ಮೂರಿನಲ್ಲಿ ಮೊನ್ನೆ ಡ್ರೋನ್ ತೋರಿಸಲು ಬಂದಿದ್ದರು. ನೋಟಿಸು ಮಲಯಾಳದಲ್ಲಿ ಮಾತ್ರ. ಪಕ್ಕದ ಮನೆಯ ಅಜ್ಜಿ ನನ್ನ ಕೈಯಲ್ಲಿ ಓದಿಸಿಕೊಂಡರು. ದಿನಾಂಕ ಇತ್ತು, ಸಬ್ಸಿಡಿ ಇತ್ತು, ಚಹಾ ಇದೆ ಅಂತಲೂ ಇತ್ತು. ಕೆಟ್ಟರೆ ಎಲ್ಲಿ ಬೀಳುತ್ತದೆ ಅಂತ ಕೇಳಿದೆ. "ಬ್ಯಾಟರಿ ಕಮ್ಮಿಯಾದರೆ ಅದೇ ವಾಪಸ್ ಬರ್ತದೆ ಸಾರ್" ಅಂದ ಹುಡುಗ. ಬ್ಯಾಟರಿ ಸರಿ, ಮೋಟಾರ್? ಅವನು ನಕ್ಕ, ಪಾಪ, ಅವನಿಗೆ ಕಲಿಸಿದ್ದೇ ಅಷ್ಟು.

ಭಾವನಿಗೆ ಹೇಳಿದರೆ "ನಿಮ್ಮ ಊರಿನವರಿಗೆ ಎಲ್ಲದಕ್ಕೂ ಹೆದರಿಕೆ" ಅನ್ನುತ್ತಾರೆ. ಇರಬಹುದು. ನಾನು ಕೇಳುವುದು ಒಂದು ಹಾಳೆ, ಅಷ್ಟೇ. ಹಾರಿಸುವ ಮೊದಲು ತೋಟದ ನಕ್ಷೆಯಲ್ಲಿ ಮನೆ, ಬಾವಿ, ತಂತಿ, ಕೆಟ್ಟರೆ ಇಳಿಸುವ ಜಾಗ ಗುರುತು ಮಾಡಿ ಹಿಂದಿನ ದಿನವೇ ಅಂಗಡಿ ಬಾಗಿಲಿಗೆ ಅಂಟಿಸಿ. ಪುತ್ತೂರಿನಲ್ಲೂ ಅಂಟಿಸಿ, ಪೆರ್ಲದಲ್ಲೂ ಅಂಟಿಸಿ. ಪೆರ್ಲದಲ್ಲಿ ಕನ್ನಡದಲ್ಲೂ ಒಂದು ಇರಲಿ, ಅಜ್ಜಿಯಂದಿರು ಬಾವಿ ಮುಚ್ಚಿಕೊಳ್ಳುತ್ತಾರೆ.