ಅಪ್ಪನ ಕಾಲದಲ್ಲಿ ಬೆಂಗಳೂರಲ್ಲಿ ಮನೆ ಮಾಡೋದು ಸುಲಭ ಇತ್ತಾ?

ಪರ: ಇತ್ತು, ಖಂಡಿತ ಇತ್ತು

ನಮ್ಮಪ್ಪ ಕಾರ್ಖಾನೆ ಕೆಲಸಗಾರ. ಒಂದೇ ಸಂಬಳ, ಮೂರು ಮಕ್ಕಳು. ಆದರೂ 1981ರಲ್ಲಿ 30-40 ಅಡಿ ಸೈಟಿನಲ್ಲಿ ಮನೆ ಎಬ್ಬಿಸಿದರು. ಆಗ ಊರಲ್ಲಿ ಇದ್ದದ್ದೇ ಸುಮಾರು 29 ಲಕ್ಷ ಜನ. 2011ಕ್ಕೆ 80 ಲಕ್ಷ ದಾಟಿತು. 1976ರಲ್ಲಿ ಹುಟ್ಟಿದ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆ ಮಾಡಿ ಸೈಟು ಹಂಚುತ್ತಿತ್ತು. ಎಚ್‌ಎಂಟಿ, ಐಟಿಐ, ಬಿಇಎಲ್ ಥರದ ಸರ್ಕಾರಿ ಕಾರ್ಖಾನೆಗಳ ಕಡೆ ಕ್ವಾರ್ಟರ್ಸ್ ಸಿಕ್ಕವರಿಗಂತೂ ಬಾಡಿಗೆ ಚಿಂತೆ ಕಮ್ಮಿ, ನಾಲ್ಕು ಕಾಸು ಉಳಿಯುತ್ತಿತ್ತು.

ಆದರೆ ದೊಡ್ಡ ಅನುಕೂಲ ಬೇರೆಯೇ ಇತ್ತು. ಮನೆಯನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಬಹುದಿತ್ತು! ಮೊದಲು ಎರಡು ರೂಮು, ಬೋನಸ್ ಬಂದ ವರ್ಷ ಗಾರೆ ನೆಲ, ಅಕ್ಕನ ಮದುವೆ ಹೊತ್ತಿಗೆ ಮಹಡಿ. ಗಿಲಾವು ಇಲ್ಲದ ಗೋಡೆಯನ್ನೇ ನೋಡ್ತಾ ನಾನು ಆರು ವರ್ಷ ಬೆಳೆದೆ, ಯಾರಿಗೂ ಅದು ಕೊರತೆ ಅನ್ನಿಸಲಿಲ್ಲ. ಈಗ ಫ್ಲ್ಯಾಟನ್ನು ಹಾಗೆ ಕಂತುಕಂತಾಗಿ ಕಟ್ಟೋಕಾಗುತ್ತಾ? ನಾವು ದುಡ್ಡು ಸುರಿಯುತ್ತಿರೋದು ಗೋಡೆಗಲ್ಲ, ಜಾಗಕ್ಕೆ. 60 ಲಕ್ಷ ಸಾಲ ಅಂದರೆ, ಬಡ್ಡಿ ಶೇ 8.5 ಅಂತಿಟ್ಟುಕೊಳ್ಳಿ, 20 ವರ್ಷ ತಿಂಗಳಿಗೆ 52 ಸಾವಿರ ಕಂತು. ಮೊದಲ ತಿಂಗಳಿಂದಲೇ ಪೂರ್ತಿ ಕಟ್ಟಬೇಕು, ಕೆಲಸ ಹೋದರೂ ಕಟ್ಟಬೇಕು. ಬಾಡಿಗೆಯಲ್ಲೇ ಇರೋಣ ಅಂದರೆ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾರೆ. ಕೂಡಿಟ್ಟದ್ದೆಲ್ಲ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ವಿರೋಧ: ಇರಲಿಲ್ಲ, ನಾವು ಮರೆತಿದ್ದೇವೆ

ಅದೇ ಮನೆಯ ಹಿತ್ತಲಿಗೆ ಬನ್ನಿ. ಅಲ್ಲಿ ಮೂಟೆಯ ಆಕಾರದ ಎರಡು ಕಲ್ಲುಗಳಿವೆ. ಅಮ್ಮ ಅದರ ಮೇಲೇ ಬಟ್ಟೆ ಒಗೆಯುತ್ತಿದ್ದಳು. ಅವು ಕಲ್ಲಲ್ಲ, ಸಿಮೆಂಟು. ಆಗ ಸಿಮೆಂಟಿಗೆ ಪರ್ಮಿಟ್ ಬೇಕಿತ್ತು, ನಿಯಂತ್ರಣ ಸ್ವಲ್ಪ ಸಡಿಲವಾದದ್ದೇ 1982ರಲ್ಲಿ. ಅಲೆದಾಡಿ ತಂದ ಮೂಟೆ, ಮೇಸ್ತ್ರಿ ಬರುವಷ್ಟರಲ್ಲಿ ಮಳೆಗೆ ನೆನೆದು ಗಟ್ಟಿಯಾಯಿತು. ಅಪ್ಪ ಅವತ್ತು ಊಟ ಮಾಡಲಿಲ್ಲವಂತೆ.

ಸಾಲವೂ ಸುಮ್ನೆ ಸಿಗುತ್ತಿರಲಿಲ್ಲ. ಪಿಎಫ್, ಸೊಸೈಟಿ, ಚೀಟಿ ದುಡ್ಡು, ಕೊನೆಗೆ ಅಮ್ಮನ ಎರಡೆಳೆ ಸರ. ತೊಂಬತ್ತರ ದಶಕದಲ್ಲಿ ಬ್ಯಾಂಕುಗಳು ಕೊಡತೊಡಗಿದಾಗಲೂ ಬಡ್ಡಿ ಶೇ 15ರ ಹತ್ತಿರ. ಅಂದರೆ 20 ವರ್ಷದ ಸಾಲಕ್ಕೆ ಲಕ್ಷಕ್ಕೆ 1,300 ರೂಪಾಯಿ ಕಂತು, ಶೇ 8.5ಕ್ಕೆ ಅದು 870ರಷ್ಟು. ಇದನ್ನು ಯಾಕೋ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ.

ಇನ್ನೊಂದು ಮಾತು, ಇದು ನನಗೆ ಜಾಸ್ತಿ ನೋವು ಕೊಡುವಂಥದ್ದು. ಸುಲಭ ಇತ್ತು ಅಂತೀವಲ್ಲ, ಯಾರಿಗೆ? ಕಾಯಂ ನೌಕರಿ ಇದ್ದ ಗಂಡಸಿಗೆ. ನಮ್ಮ ಮನೆಗೆ ಇಟ್ಟಿಗೆ ಹೊತ್ತ ಗಂಡಹೆಂಡತಿ ಪಕ್ಕದ ಖಾಲಿ ಸೈಟಿನ ಶೆಡ್ಡಿನಲ್ಲಿದ್ದರು. ಆ ಸೈಟಿನವರೂ ಪಾಯ ತೋಡಿದಾಗ ಗಂಟುಮೂಟೆ ಕಟ್ಟಿಕೊಂಡು ಹೋದರು. ಸೈಟಿನ ಯಾವ ಅರ್ಜಿಯೂ ಅವರ ಕೈಗೆ ಬರಲಿಲ್ಲ.

ನನ್ನ ತಂಗಿ ಮದುವೆಯಾಗಿಲ್ಲ. ಕೆಂಗೇರಿಗೆ 2021ರಲ್ಲಿ ಮೆಟ್ರೊ ಬಂದ ಮೇಲೆ ಅದರಾಚೆ ಎರಡು ರೂಮಿನ ಫ್ಲ್ಯಾಟ್ ತಗೊಂಡಳು. ಕಂತು ಭಾರವೇ, ಇಲ್ಲ ಅನ್ನಲ್ಲ. ಆದರೆ ಸಾಲ ಅವಳ ಸಂಬಳದ ಮೇಲೆ, ಕ್ರಯಪತ್ರ ಅವಳ ಹೆಸರಲ್ಲಿ. ಸರ ಅಡವಿಟ್ಟ ಅಮ್ಮನ ಹೆಸರು ನಮ್ಮ ಹಳೇ ಮನೆಯ ಯಾವ ಪತ್ರದಲ್ಲೂ ಇಲ್ಲ.